ಪಾಸ್ಟ್ರಾಮಿ ಎಗ್ ರೋಲ್, ಲಾಟ್ಕೆ, ಲಾಕ್ಸ್: ನ್ಯೂಯಾರ್ಕ್ ಡೆಲಿ ತಿಂಡಿಗೆ ಚೀನಾ-ಜಪಾನಿನ ಒಗ್ಗರಣೆ

ಪಾಸ್ಟ್ರಾಮಿ (ಉಪ್ಪಿನಲ್ಲಿ ಹದ ಮಾಡಿ ಹೊಗೆ ಹಿಡಿಸಿದ ದನದ ಮಾಂಸ) ತುಂಬಿದ ಎಗ್ ರೋಲ್, ಅಂದರೆ ಹಾಳೆಯಲ್ಲಿ ಸುತ್ತಿ ಕರಿದ ಅಮೆರಿಕದ ಚೀನೀ ತಿಂಡಿ, ಅಂದ ಕೂಡಲೇ ಕೆಲವರು ಮೂಗು ಮುರಿಯುತ್ತಾರೆ. ಒಂದು ತಿಂದ ಮೇಲೆ ಅವರೇ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಯಹೂದಿ ಡೆಲಿ (ಹದ ಮಾಡಿದ ಮಾಂಸ, ಮೀನು, ಉಪ್ಪಿನಕಾಯಿ ಸಿಗುವ ಅಂಗಡಿ-ಹೋಟೆಲ್) ಅಡುಗೆಗೂ ಚೀನಾ, ಜಪಾನ್ ಕಡೆಯ ಅಡುಗೆಗೂ ಎಲ್ಲಿಂದೆಲ್ಲಿಯ ನಂಟು ಅನ್ನಿಸಬಹುದು. ನ್ಯೂಯಾರ್ಕಿನಲ್ಲಿ ಮಾತ್ರ ಯಹೂದಿ, ಚೀನೀ ಅಡುಗೆಗಳು ನೂರು ವರ್ಷಕ್ಕೂ ಮಿಕ್ಕಿ ನೆರೆಹೊರೆಯವು.

1880ರ ದಶಕದಿಂದ ಪೂರ್ವ ಯುರೋಪಿನ ಯಹೂದಿಗಳು ಲಕ್ಷಗಟ್ಟಲೆ ಅಮೆರಿಕಕ್ಕೆ ಬಂದರು. ಬಹಳಷ್ಟು ಜನ ಮೊದಲು ಬಿಡಾರ ಹೂಡಿದ್ದು ಮ್ಯಾನ್‌ಹಟನ್‌ನ ಲೋಯರ್ ಈಸ್ಟ್ ಸೈಡ್‌ನಲ್ಲಿ. ಅಲ್ಲಿಂದ ಚೈನಾಟೌನ್‌ಗೆ ನಡೆದೇ ಹೋಗಬಹುದು. ಭಾನುವಾರ, ಕ್ರಿಸ್‌ಮಸ್ ದಿನ ಬೇರೆಯವರು ಬಾಗಿಲು ಹಾಕಿದ್ದರೂ ಚೀನೀ ಹೋಟೆಲ್ ತೆರೆದಿರುತ್ತಿತ್ತು. ಚೀನೀ ಅಡುಗೆಯಲ್ಲಿ ಹಾಲು, ಬೆಣ್ಣೆ, ಚೀಸ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮಾಂಸದ ಜೊತೆ ಹಾಲು ಸೇರಿಸಬಾರದು ಎಂಬ ಯಹೂದಿ ನಿಯಮಕ್ಕೆ ಅದು ತಾನಾಗೇ ಹೊಂದಿಕೊಂಡಿತು. ಯಹೂದಿಗಳಿಗೆ ನಿಷಿದ್ಧವಾದ ಹಂದಿ, ಸಿಗಡಿಯ ವಿಷಯ ಬೇರೆ. ಅದನ್ನು ಕಂಡೂ ಕಾಣದ ಹಾಗೆ ತಿಂದವರೂ ಇದ್ದರು. ಆಮೇಲೆ ಎಸೆಕ್ಸ್ ಸ್ಟ್ರೀಟ್‌ನ ಬರ್ನ್‌ಸ್ಟೈನ್ ಡೆಲಿ 1959ರಲ್ಲಿ ಕೋಷರ್ (ಯಹೂದಿ ಆಹಾರ ನಿಯಮಕ್ಕೆ ಒಪ್ಪುವ) ಚೀನೀ ಅಡುಗೆಯನ್ನೇ ಶುರು ಮಾಡಿತು. 2011ರಲ್ಲಿ ಬಾಗಿಲು ತೆರೆದ ರೆಡ್‌ಫಾರ್ಮ್ ಎಂಬ ಹೋಟೆಲ್, 1888ರಿಂದ ನಡೆಯುತ್ತಿರುವ ಕಾಟ್ಜ್ ಡೆಲಿಯ ಪಾಸ್ಟ್ರಾಮಿಯನ್ನು ಎಗ್ ರೋಲ್‌ಗೆ ತುಂಬಿ ಹೆಸರು ಮಾಡಿತು. ಬ್ರೂಕ್ಲಿನ್‌ನಲ್ಲಿ 2013ರಿಂದ ಇರುವ ಶಾಲೋಮ್ ಜಪಾನ್‌ನಲ್ಲಿ ಮಟ್ಜಾ (ಯಹೂದಿಗಳ ಹುಳಿ ಬರಿಸದ ರೊಟ್ಟಿ) ಪುಡಿಯ ಉಂಡೆ ತೇಲುವ ರಾಮೆನ್, ಅಂದರೆ ಜಪಾನಿನ ನೂಡಲ್ ಸಾರು, ಸಿಗುತ್ತದೆ.

ಮನೆಯಲ್ಲಿ ಮಾಡುವಾಗ ನಾನು ಹಿಡಿಯುವ ದಾರಿ ಇಷ್ಟೇ. ತಿಂಡಿಯ ಆಕಾರ ಒಂದು ಕಡೆಯದಾದರೆ, ಮುಖ್ಯ ರುಚಿ ಇನ್ನೊಂದು ಕಡೆಯದಿರಲಿ. ಮೂರನೆಯದಾಗಿ ಹುಳಿ ಇರಲೇಬೇಕು. ಡೆಲಿ ತಿನಿಸುಗಳಲ್ಲಿ ಕೊಬ್ಬು ಜಾಸ್ತಿ, ಉಪ್ಪು ಇನ್ನೂ ಜಾಸ್ತಿ. ಅದರ ಮೇಲೆ ಸೋಯಾ ಸಾಸ್ ಸುರಿದರೆ ಬಾಯಿಗಿಡಲು ಆಗುವುದಿಲ್ಲ. ಈ ಬೆರಕೆ ಅಡುಗೆ ಕೆಡುವುದು ಮಸಾಲೆಯಿಂದಲ್ಲ, ಉಪ್ಪಿನಿಂದ. ಕೆಳಗಿನ ಯಾವ ಹೂರಣಕ್ಕೂ ರುಚಿ ನೋಡದೆ ಉಪ್ಪು ಹಾಕಬೇಡಿ.

ಮೊದಲು ಸಾಸಿವೆ ಸಾಸ್

ಸಾಸ್‌ನಿಂದ ಶುರು ಮಾಡಿ, ಯಾಕೆಂದರೆ ಅದು ಸ್ವಲ್ಪ ಹೊತ್ತು ಕೂರಬೇಕು. ಪಾಸ್ಟ್ರಾಮಿಗೆ ಸಾಸಿವೆ ಇಲ್ಲದೆ ಆಗುವುದಿಲ್ಲ. ಅಮೆರಿಕದ ಚೀನೀ ಹೋಟೆಲ್‌ಗಳಲ್ಲಿ ಎಗ್ ರೋಲ್ ಜೊತೆ ಕೊಡುವುದೂ ಮೂಗಿಗೆ ಏರುವ ಸಾಸಿವೆಯನ್ನೇ. ಎರಡೂ ಅಡುಗೆ ಕೈ ಕುಲುಕುವ ಜಾಗ ಇದು.

ಎರಡು ದೊಡ್ಡ ಚಮಚ ಸಾಸಿವೆ ಪುಡಿಗೆ ಎರಡು ದೊಡ್ಡ ಚಮಚ ತಣ್ಣೀರು ಹಾಕಿ ಗಂಟಿಲ್ಲದೆ ಕಲಸಿ. ಹತ್ತು ಹದಿನೈದು ನಿಮಿಷ ಮುಚ್ಚಿಡಿ. ತಣ್ಣೀರೇ ಆಗಬೇಕು. ಪುಡಿಗೆ ನೀರು ತಾಗಿದಾಗ ಅದರೊಳಗಿನ ಕಿಣ್ವ ಕೆಲಸ ಶುರು ಮಾಡಿ ಘಾಟು ಹುಟ್ಟಿಸುತ್ತದೆ. ಬಿಸಿನೀರು ಹಾಕಿದರೆ ಆ ಕಿಣ್ವವೇ ಸತ್ತು ಸಾಸ್ ಸಪ್ಪೆಯಾಗುತ್ತದೆ. ವಿನೆಗರ್ ಕೂಡ ಮೊದಲೇ ಬೇಡ. ಘಾಟು ಎದ್ದ ಮೇಲೆ ಒಂದು ದೊಡ್ಡ ಚಮಚ ಜೇನುತುಪ್ಪ, ಒಂದು ಚಮಚ ಅಕ್ಕಿ ವಿನೆಗರ್, ಒಂದು ಚಮಚ ಸೋಯಾ ಸಾಸ್, ನಾಲ್ಕೈದು ಹನಿ ಹುರಿದ ಎಳ್ಳಿನ ಎಣ್ಣೆ ಸೇರಿಸಿ.

ಹುರಿದ ಎಳ್ಳಿನ ಎಣ್ಣೆ ಅಂದರೆ ಕಂದು ಬಣ್ಣದ್ದು, ಸಣ್ಣ ಬಾಟಲಿಯಲ್ಲಿ ಬರುವಂಥದ್ದು. ನಮ್ಮ ಉಪ್ಪಿನಕಾಯಿಗೆ ಹಾಕುವ ಎಳ್ಳೆಣ್ಣೆ ಇದಕ್ಕೆ ನಡೆಯುವುದಿಲ್ಲ, ಪರಿಮಳವೇ ಬೇರೆ. ಸಾಸಿವೆ ಪುಡಿ ಸಿಗದಿದ್ದರೆ ಮನೆಯ ಸಾಸಿವೆಯನ್ನೇ ನುಣ್ಣಗೆ ಪುಡಿ ಮಾಡಬಹುದು. ಕಹಿ ಸ್ವಲ್ಪ ಜಾಸ್ತಿ ಇರುತ್ತದೆ, ಜೇನುತುಪ್ಪ ಅರ್ಧ ಚಮಚ ಹೆಚ್ಚಿಸಿ.

ಪಾಸ್ಟ್ರಾಮಿ ಎಗ್ ರೋಲ್

ಪಾಸ್ಟ್ರಾಮಿ ರೊಮೇನಿಯಾ ಕಡೆಯ ಯಹೂದಿಗಳ ಜೊತೆ ನ್ಯೂಯಾರ್ಕಿಗೆ ಬಂದದ್ದು. ದನದ ಎದೆ ಅಥವಾ ಹೊಟ್ಟೆ ಭಾಗದ ಮಾಂಸವನ್ನು ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆಸಿ, ಕೊತ್ತಂಬರಿ ಬೀಜ, ಕಾಳುಮೆಣಸು ಮೆತ್ತಿ, ಹೊಗೆಯಲ್ಲಿ ಬೇಯಿಸಿ, ಕೊನೆಗೆ ಹಬೆಯಲ್ಲಿಟ್ಟು ಮೆತ್ತಗೆ ಮಾಡುತ್ತಾರೆ. ಮನೆಯಲ್ಲಿ ಇದೆಲ್ಲ ಬೇಡ, ತಂದರೆ ಸಾಕು. ದನದ ಮಾಂಸ ತಿನ್ನದವರಿಗೆ ಟರ್ಕಿ ಕೋಳಿಯ ಪಾಸ್ಟ್ರಾಮಿ ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತದೆ. ಸಸ್ಯಾಹಾರಿಗಳಿಗೆ ಅಣಬೆಯದ್ದನ್ನು ಆಮೇಲೆ ಹೇಳುತ್ತೇನೆ.

ಹನ್ನೆರಡು ರೋಲ್‌ಗೆ ಬೇಕಾದ್ದು: 250 ಗ್ರಾಂ ಪಾಸ್ಟ್ರಾಮಿ, ಸಣ್ಣಗೆ ಹೆಚ್ಚಿದ ಎಲೆಕೋಸು ಎರಡು ಕಪ್, ಒಂದು ಕ್ಯಾರೆಟ್, ಒಂದು ಈರುಳ್ಳಿ, ಒಂದು ಇಂಚು ಶುಂಠಿ, ಮೂರು ಎಸಳು ಬೆಳ್ಳುಳ್ಳಿ, ಡೆಲಿಯ ಹುಳಿ ಸೌತೆಕಾಯಿ ಒಂದು, ಹನ್ನೆರಡು ಎಗ್ ರೋಲ್ ಹಾಳೆ.

ಪ್ಯಾಕೆಟ್ ಪಾಸ್ಟ್ರಾಮಿಯನ್ನು ಹಾಗೇ ಕೊಚ್ಚಿದರೆ ರೋಲ್ ಒಳಗೆ ಚರ್ಮದ ಚೂರಿನ ಹಾಗಿರುತ್ತದೆ. ಮೊದಲು ಹಬೆಯಲ್ಲಿ ಇಡಿ. ಇಡ್ಲಿ ಪಾತ್ರೆ ಇದಕ್ಕೆ ಹೇಳಿ ಮಾಡಿಸಿದ್ದು. ತಟ್ಟೆಯ ಮೇಲೆ ಪಾಸ್ಟ್ರಾಮಿ ಹರಡಿ ಹತ್ತು ನಿಮಿಷ ಹಬೆ ಕೊಡಿ. ಅಂಚಿನ ಕೊಬ್ಬು ಗಾಜಿನಂತೆ ಹೊಳೆಯುತ್ತದೆ, ಮಾಂಸ ಬೆರಳಲ್ಲಿ ಮುರಿಯುತ್ತದೆ. ಆಗ ತೆಗೆದು ಕಡಲೆಕಾಳಿನ ಗಾತ್ರಕ್ಕೆ ಕೊಚ್ಚಿ. ಮಿಕ್ಸಿಗೆ ಹಾಕಬೇಡಿ, ಮುದ್ದೆಯಾಗುತ್ತದೆ.

ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ. ಉರಿ ಜೋರು ಮಾಡಿ ಎಲೆಕೋಸು, ಕ್ಯಾರೆಟ್ ಹಾಕಿ. ಎಲೆಕೋಸು ನೀರು ಬಿಡುತ್ತದೆ. ಆ ನೀರು ಪೂರ್ತಿ ಆರುವವರೆಗೆ ಕೈಯಾಡಿಸಿ. ಕೊನೆಯಲ್ಲಿ ಪಾಸ್ಟ್ರಾಮಿ, ಒಂದು ಚಮಚ ಸೋಯಾ ಸಾಸ್ ಹಾಕಿ ಒಲೆ ಆರಿಸಿ. ಹುಳಿ ಸೌತೆಕಾಯಿಯನ್ನು ಸಣ್ಣಗೆ ಹೆಚ್ಚಿ, ಅಂಗೈಯಲ್ಲಿ ಗಟ್ಟಿಯಾಗಿ ಹಿಂಡಿ, ಒಲೆ ಆರಿದ ಮೇಲೆ ಬೆರೆಸಿ. ಬೇಯಿಸಿದರೆ ಅದರ ಕರುಕುರು ಹೋಗುತ್ತದೆ.

ಈಗ ತಾಳ್ಮೆಯ ಕೆಲಸ. ಹೂರಣವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಪೂರ್ತಿ ತಣ್ಣಗಾಗಲು ಬಿಡಿ. ಬೆಚ್ಚಗಿರುವಾಗಲೇ ಸುತ್ತಿದರೆ ಹಬೆ ಹಾಳೆಯನ್ನು ಒಳಗಿನಿಂದ ನೆನೆಸುತ್ತದೆ. ಎಣ್ಣೆಗೆ ಬಿಟ್ಟ ಮೇಲೆ ರೋಲ್ ಒಡೆಯುವುದು ಬಹುತೇಕ ಇದೇ ಕಾರಣಕ್ಕೆ. ತಣ್ಣಗಾದ ಮೇಲೆ ತಟ್ಟೆ ಓರೆ ಮಾಡಿ ನೋಡಿ. ಮೂಲೆಯಲ್ಲಿ ರಸ ನಿಂತರೆ ಅದನ್ನು ಚೆಲ್ಲಿ.

ಹಾಳೆಯಲ್ಲಿ ಎರಡು ಜಾತಿ ಇದೆ. ಎಗ್ ರೋಲ್ ಹಾಳೆ ದಪ್ಪ. ಕರಿದಾಗ ಮೇಲೆಲ್ಲ ಗುಳ್ಳೆ ಎದ್ದು ಒರಟಾಗುತ್ತದೆ. ಸ್ಪ್ರಿಂಗ್ ರೋಲ್ ಹಾಳೆ ತೆಳು, ನುಣುಪು, ಮುರಿದರೆ ಪುಡಿಪುಡಿ. ಪಾಸ್ಟ್ರಾಮಿಯಂಥ ಜಿಡ್ಡಿನ ಹೂರಣಕ್ಕೆ ದಪ್ಪ ಹಾಳೆಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಬೆಂಗಳೂರಿನ ಅಂಗಡಿಗಳ ಫ್ರೀಜರ್‌ನಲ್ಲಿ ಸುಲಭವಾಗಿ ಕಾಣುವುದು ಸ್ಪ್ರಿಂಗ್ ರೋಲ್ ಹಾಳೆ. ಅದನ್ನೇ ಬಳಸುವುದಾದರೆ ಎರಡು ಹಾಳೆ ಸೇರಿಸಿ ಸುತ್ತಿ.

ಹಾಳೆಯ ಒಂದು ಮೂಲೆ ನಿಮ್ಮ ಹೊಟ್ಟೆಯ ಕಡೆ ಬರುವ ಹಾಗೆ ಇಡಿ. ನಡುವಿಗಿಂತ ಸ್ವಲ್ಪ ಕೆಳಗೆ ಮೂರು ದೊಡ್ಡ ಚಮಚ ಹೂರಣವನ್ನು ಬೆರಳುದ್ದಕ್ಕೆ ಸಾಲಾಗಿ ಇಡಿ. ಕೆಳಗಿನ ಮೂಲೆ ಎತ್ತಿ ಹೂರಣದ ಮೇಲೆ ಹೊದೆಸಿ, ಬೆರಳುಗಳಿಂದ ಹಿಂದಕ್ಕೆ ಎಳೆದು ಬಿಗಿ ಮಾಡಿ. ಎರಡು ಪಕ್ಕ ಒಳಗೆ ಮಡಚಿ. ಮೇಲಿನ ಮೂಲೆಗೆ ಮೈದಾ ಅಂಟು ಸವರಿ ಉರುಳಿಸಿ ಮುಚ್ಚಿ. ಒಳಗೆ ಗಾಳಿ ಉಳಿಯಬಾರದು, ಹಾಗಂತ ಡೊಳ್ಳು ಹೊಟ್ಟೆಯೂ ಆಗಬಾರದು. ಸುತ್ತಿದ್ದನ್ನು ಒದ್ದೆ ಬಟ್ಟೆ ಹಾಕಿ ಮುಚ್ಚಿಡಿ, ಇಲ್ಲದಿದ್ದರೆ ಹಾಳೆ ಒಣಗಿ ಬಿರುಕು ಬಿಡುತ್ತದೆ.

ಎಣ್ಣೆ 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲಿ. ಥರ್ಮಾಮೀಟರ್ ಇಲ್ಲದಿದ್ದರೆ ಹಾಳೆಯ ಚೂರೊಂದನ್ನು ಬಿಡಿ. ತಕ್ಷಣ ಮೇಲೆದ್ದು ಸುತ್ತ ಗುಳ್ಳೆ ಬರಬೇಕು, ಆದರೆ ಕೂಡಲೇ ಕೆಂಪಾಗಬಾರದು. ಮೂರು ಮೂರರಂತೆ, ಮಡಿಕೆಯ ಬದಿ ಕೆಳಗೆ ಮಾಡಿ ಬಿಡಿ. ಮೂರು ನಾಲ್ಕು ನಿಮಿಷ ತಿರುಗಿಸುತ್ತಾ ಕರಿಯಿರಿ. ಮೊದಲು ಎಣ್ಣೆ ಜೋರಾಗಿ ಗದ್ದಲ ಮಾಡುತ್ತದೆ. ಹಾಳೆಯ ತೇವ ಹೋದ ಹಾಗೆ ಸದ್ದು ಇಳಿಯುತ್ತದೆ, ಗುಳ್ಳೆ ಸಣ್ಣದಾಗುತ್ತದೆ. ಬಣ್ಣದ ಜೊತೆ ಆ ಸದ್ದನ್ನೂ ಗಮನಿಸಿ. ತೆಗೆದ ಮೇಲೆ ಕಾಗದದ ಮೇಲೆ ಮಲಗಿಸಬೇಡಿ, ಕೆಳಬದಿ ಮೆತ್ತಗಾಗುತ್ತದೆ. ತಂತಿ ಜಾಲರಿಯ ಮೇಲೆ ಇಡಿ. ಎರಡು ನಿಮಿಷ ಬಿಟ್ಟು ಓರೆಯಾಗಿ ಕತ್ತರಿಸಿ ಸಾಸಿವೆ ಸಾಸ್ ಜೊತೆ ಕೊಡಿ.

ಅಣಬೆಯದ್ದು ಮಾಡುವುದು ಹೀಗೆ. 400 ಗ್ರಾಂ ಅಣಬೆಯನ್ನು ಒರಟಾಗಿ ಕೊಚ್ಚಿ, ಒಣ ಬಾಣಲೆಯಲ್ಲೇ ನೀರೆಲ್ಲ ಇಂಗುವವರೆಗೆ ಹುರಿಯಿರಿ. ಆಮೇಲೆ ಎಣ್ಣೆ ಬಿಟ್ಟು, ತರಿತರಿಯಾಗಿ ಕುಟ್ಟಿದ ಕೊತ್ತಂಬರಿ ಬೀಜ ಎರಡು ಚಮಚ, ಕಾಳುಮೆಣಸು ಒಂದು ಚಮಚ, ಹೊಗೆ ವಾಸನೆಯ ಪ್ಯಾಪ್ರಿಕಾ ಪುಡಿ ಒಂದು ಚಮಚ, ಚಿಟಿಕೆ ಬೆಲ್ಲ, ಒಂದೂವರೆ ಚಮಚ ಸೋಯಾ ಸಾಸ್ ಹಾಕಿ. ಪಾಸ್ಟ್ರಾಮಿಯ ಗುರುತು ಇರುವುದು ಈ ಕೊತ್ತಂಬರಿ-ಮೆಣಸಿನ ಜೋಡಿಯಲ್ಲಿ ಮತ್ತು ಹೊಗೆಯಲ್ಲಿ. ಉಳಿದದ್ದು ಮೇಲಿನ ಹಾಗೇ. ಅಂದ ಹಾಗೆ, ಎಗ್ ರೋಲ್ ಹಾಳೆಯಲ್ಲಿ ಮೊಟ್ಟೆ ಇರುವುದುಂಟು. ಮೊಟ್ಟೆ ತಿನ್ನದವರಿದ್ದರೆ ಪ್ಯಾಕೆಟ್ ಓದಿ, ಇಲ್ಲವೇ ಸ್ಪ್ರಿಂಗ್ ರೋಲ್ ಹಾಳೆ ತನ್ನಿ.

ಲಾಟ್ಕೆಗೆ ಜಪಾನಿನ ಅಲಂಕಾರ

ಲಾಟ್ಕೆ ಅಂದರೆ ತುರಿದ ಆಲೂಗಡ್ಡೆಯ ಗರಿಗರಿ ಬಿಲ್ಲೆ, ಯಹೂದಿಗಳ ಹನುಕ್ಕಾ ಹಬ್ಬದ ತಿಂಡಿ. ಸಾಮಾನ್ಯವಾಗಿ ಹುಳಿ ಕ್ರೀಮ್ ಅಥವಾ ಸೇಬಿನ ಗೊಜ್ಜಿನ ಜೊತೆ ತಿನ್ನುತ್ತಾರೆ. ಜಪಾನಿನ ಒಕೊನೊಮಿಯಾಕಿ ಎಲೆಕೋಸು ಹಾಕಿದ ದಪ್ಪ ದೋಸೆಯಂಥದ್ದು. ಮೇಲೆ ಸಿಹಿ-ಹುಳಿ ಸಾಸ್, ಮೇಯೊನೀಸ್ ಗೆರೆ. ಲಾಟ್ಕೆಯ ಮೇಲೆ ಒಕೊನೊಮಿಯಾಕಿಯ ಅಲಂಕಾರ ಮಾಡಿದರೆ ಮಕ್ಕಳು ದೊಡ್ಡವರು ಎಲ್ಲರೂ ತಿನ್ನುತ್ತಾರೆ. ಮೂರು ತಿಂಡಿಯಲ್ಲಿ ಒಂದೇ ಮಾಡುತ್ತೇನೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಅರ್ಧ ಕಿಲೋ ಆಲೂಗಡ್ಡೆ, ಒಂದು ಈರುಳ್ಳಿ ಒರಟಾಗಿ ತುರಿಯಿರಿ. ಆಲೂಗಡ್ಡೆ ಹಿಟ್ಟಿನಂಶ ಜಾಸ್ತಿ ಇರುವಂಥದ್ದಾಗಬೇಕು. ಅಮೆರಿಕದಲ್ಲಾದರೆ ರಸೆಟ್, ನಮ್ಮಲ್ಲಾದರೆ ಹಳೆ ಆಲೂಗಡ್ಡೆ. ಹೊಸ ಆಲೂಗಡ್ಡೆ ನೀರು ನೀರು. ತುರಿಯನ್ನು ತೆಳು ಬಟ್ಟೆಗೆ ಹಾಕಿ, ಗಂಟು ಕಟ್ಟಿ, ಪಾತ್ರೆಯ ಮೇಲೆ ಹಿಡಿದು ಹಿಂಡಿ. ಸಾಕು ಅನ್ನಿಸಿದ ಮೇಲೆ ಇನ್ನೊಮ್ಮೆ ಹಿಂಡಿ. ಹಿಂಡಿದ ನೀರನ್ನು ಚೆಲ್ಲಬೇಡಿ. ಐದು ನಿಮಿಷ ಬಿಟ್ಟರೆ ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ. ಮೇಲಿನ ಕೆಂಪು ನೀರನ್ನು ಮೆಲ್ಲಗೆ ಬಸಿದು, ಆ ಬಿಳಿ ಹಿಟ್ಟನ್ನು ಕೆರೆದು ತುರಿಗೆ ವಾಪಸ್ ಬೆರೆಸಿ. ಲಾಟ್ಕೆಯನ್ನು ಹಿಡಿದಿಡುವುದೂ ಗರಿ ಮಾಡುವುದೂ ಅದೇ.

ಇದಕ್ಕೆ ಒಂದು ಕಪ್ ಕೂದಲಿನಷ್ಟು ತೆಳ್ಳಗೆ ಹೆಚ್ಚಿದ ಎಲೆಕೋಸು, ಎರಡು ದಂಟು ಈರುಳ್ಳಿ ಸೊಪ್ಪು, ಒಂದು ಮೊಟ್ಟೆ, ಎರಡು ದೊಡ್ಡ ಚಮಚ ಮಟ್ಜಾ ಪುಡಿ ಅಥವಾ ಬ್ರೆಡ್ ಪುಡಿ, ಮುಕ್ಕಾಲು ಚಮಚ ಉಪ್ಪು. ಮೊಟ್ಟೆ ಬೇಡದವರು ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ, ಬಿಲ್ಲೆ ಚಿಕ್ಕದು ಮಾಡಿ. ಕಲಸಿದ ಮೇಲೆ ತಡ ಮಾಡದೆ ಕರಿಯಿರಿ. ಉಪ್ಪು ಮತ್ತೆ ನೀರು ಎಳೆಯುತ್ತದೆ, ಆಲೂಗಡ್ಡೆ ಕಪ್ಪಾಗುತ್ತದೆ.

ದಪ್ಪ ತಳದ ಬಾಣಲೆಯಲ್ಲಿ ಅರ್ಧ ಸೆಂಟಿಮೀಟರ್ ಎಣ್ಣೆ ಇರಲಿ. ಒಂದು ದೊಡ್ಡ ಚಮಚ ಹಿಟ್ಟು ಬಿಟ್ಟು ಚಮಚದ ಹಿಂಬದಿಯಲ್ಲಿ ಮೆಲ್ಲಗೆ ಒತ್ತಿ. ಅಂಚಿನ ಎಳೆಗಳು ಆಚೀಚೆ ಚಾಚಿಕೊಂಡಿದ್ದರೆ ಒಳ್ಳೆಯದೇ, ಅವೇ ಮೊದಲು ಗರಿಯಾಗುವುದು. ಮಧ್ಯಮ ಉರಿಯಲ್ಲಿ ಒಂದೊಂದು ಬದಿ ಮೂರು ನಾಲ್ಕು ನಿಮಿಷ. ಅಂಚು ಕಂದಾಗುವ ಮೊದಲು ಮುಟ್ಟಬೇಡಿ.

ಸಾಸ್ ಸುಲಭ. ಟೊಮೆಟೊ ಕೆಚಪ್ ಮೂರು ದೊಡ್ಡ ಚಮಚ, ವೂಸ್ಟರ್ ಸಾಸ್ ಒಂದು ದೊಡ್ಡ ಚಮಚ, ಸೋಯಾ ಸಾಸ್ ಎರಡು ಚಮಚ, ಸಕ್ಕರೆ ಎರಡು ಚಮಚ. ವೂಸ್ಟರ್ ಸಾಸ್‌ನಲ್ಲಿ ಸಾಧಾರಣವಾಗಿ ಮೀನು ಇರುತ್ತದೆ. ಸಸ್ಯಾಹಾರಿಗಳು ಅದರ ಬದಲು ಒಂದು ಚಮಚ ಹುಣಸೆ ರಸ ಹಾಕಿ, ವ್ಯತ್ಯಾಸ ಅಷ್ಟೇನೂ ಗೊತ್ತಾಗುವುದಿಲ್ಲ. ಬಿಸಿ ಲಾಟ್ಕೆಯ ಮೇಲೆ ಸಾಸ್ ಸವರಿ, ಮೇಯೊನೀಸ್‌ನಿಂದ ಗೆರೆ ಎಳೆದು, ನೋರಿ ಎಂಬ ಒಣ ಕಡಲ ಪಾಚಿಯ ಹಾಳೆಯನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಉದುರಿಸಿ.

ಗರಿ ಅನ್ನದ ಮೇಲೆ ಲಾಕ್ಸ್

ಬೇಗಲ್ (ಬಳೆಯಾಕಾರದ ಗಟ್ಟಿ ಬ್ರೆಡ್), ಕ್ರೀಮ್ ಚೀಸ್, ಲಾಕ್ಸ್: ಭಾನುವಾರ ಬೆಳಗ್ಗೆ ನ್ಯೂಯಾರ್ಕ್ ತಿನ್ನುವ ತಿಂಡಿ. ಇಲ್ಲಿ ಬೇಗಲ್ ಜಾಗಕ್ಕೆ ಹುರಿದ ಸುಶಿ ಅನ್ನ ಬರುತ್ತದೆ. ಸರಿಯಾಗಿ ಹೇಳಬೇಕೆಂದರೆ ಲಾಕ್ಸ್ ಬರೀ ಉಪ್ಪಿನಲ್ಲಿ ಹದ ಮಾಡಿದ ಸಾಲ್ಮನ್. ನಯವಾಗಿ ಹೊಗೆ ಹಿಡಿಸಿದ್ದು ನೋವಾ. ಈ ತಿಂಡಿಗೆ ನೋವಾ ತನ್ನಿ, ಉಪ್ಪು ಕಡಿಮೆ. ಎರಡೂ ಬೇಯಿಸಿದ ಮೀನಲ್ಲ, ಹಾಗಾಗಿ ಬಸುರಿಯರಿಗೆ ಕೊಡಬೇಡಿ.

ಒಂದು ಕಪ್ ಸುಶಿ ಅಕ್ಕಿಯನ್ನು ತೊಳೆದು ಒಂದೂಕಾಲು ಕಪ್ ನೀರಿನಲ್ಲಿ ಅನ್ನ ಮಾಡಿ. ನಮ್ಮ ಕಡೆ ಇಂದ್ರಾಯಣಿ ಅಕ್ಕಿ ಸಿಕ್ಕರೆ ನಡೆಯುತ್ತದೆ, ಅದಕ್ಕೂ ಅಂಟು ಇದೆ. ಬಿಸಿ ಇರುವಾಗ ಎರಡು ದೊಡ್ಡ ಚಮಚ ಅಕ್ಕಿ ವಿನೆಗರ್, ಒಂದು ದೊಡ್ಡ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಪ್ಲಾಸ್ಟಿಕ್ ಹಾಳೆ ಹಾಸಿದ ತಟ್ಟೆಗೆ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಒತ್ತಿ. ಆರಿದ ಕೂಡಲೇ ಫ್ರಿಜ್‌ಗೆ ಇಡಿ. ಎರಡು ಮೂರು ಗಂಟೆ ಬಿಟ್ಟು ಒದ್ದೆ ಚಾಕುವಿನಲ್ಲಿ ಎರಡು ಬೆರಳಗಲದ ತುಂಡು ಮಾಡಿ, ಎಣ್ಣೆ ಹಾಕಿದ ಕಾವಲಿಯಲ್ಲಿ ಎರಡೂ ಬದಿ ಹೊಂಬಣ್ಣಕ್ಕೆ ಹುರಿಯಿರಿ.

ನಾಲ್ಕು ದೊಡ್ಡ ಚಮಚ ಕ್ರೀಮ್ ಚೀಸ್‌ಗೆ ಒಂದು ಚಮಚ ವಸಾಬಿ, ಅಂದರೆ ಜಪಾನಿನ ಘಾಟಿನ ಹಸಿರು ಪೇಸ್ಟ್. ಡೆಲಿಯಲ್ಲಿ ಹಾರ್ಸ್‌ರ್ಯಾಡಿಶ್ ಬೇರು ಬಳಸುತ್ತಾರೆ, ಘಾಟು ಒಂದೇ ಜಾತಿಯದು. ಅಂಗಡಿಯ ಅಗ್ಗದ ವಸಾಬಿ ಟ್ಯೂಬ್‌ನಲ್ಲಿ ಬಹುಪಾಲು ಇರುವುದೇ ಹಾರ್ಸ್‌ರ್ಯಾಡಿಶ್ ಮತ್ತು ಹಸಿರು ಬಣ್ಣ! ಹಾಗಾಗಿ ಯಾವುದು ಸಿಕ್ಕಿದರೂ ಸರಿ. ಕ್ರೀಮ್ ಚೀಸ್ ಬದಲು ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರೂ ಆಗುತ್ತದೆ.

ಅನ್ನದ ಮೇಲೆ ಚೀಸ್, ಅದರ ಮೇಲೆ ಮೀನಿನ ಮಡಿಕೆ, ಮೇಲೆ ಬೇಗಲ್ ಪುಡಿ ಉದುರಿಸಿ: ಬಿಳಿ ಎಳ್ಳು, ಗಸಗಸೆ, ಒಣ ಬೆಳ್ಳುಳ್ಳಿ, ಒಣ ಈರುಳ್ಳಿ, ಹರಳುಪ್ಪು. ದುಬೈ, ಸೌದಿ, ಸಿಂಗಪುರದಲ್ಲಿರುವವರು ಗಸಗಸೆಯನ್ನು ಮರೆತುಬಿಡಿ, ಅಲ್ಲಿ ಅದಕ್ಕೆ ನಿಷೇಧವಿದೆ. ಊರಿಂದ ಚೀಲದಲ್ಲಿ ಒಯ್ಯುವ ಸಾಹಸವೂ ಬೇಡ. ಕರಿ ಎಳ್ಳು ಹಾಕಿ.

ಮೀನು ಬೇಡದವರಿಗೆ ಕ್ಯಾರೆಟ್ ಇದೆ. ಇಡೀ ಕ್ಯಾರೆಟ್‌ಗಳನ್ನು ಉಪ್ಪು, ಎಣ್ಣೆ ಸವರಿ ಫಾಯಿಲ್‌ನಲ್ಲಿ ಸುತ್ತಿ 200 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಸಿಪ್ಪೆ ತೆಗೆಯುವ ಚಾಕುವಿನಲ್ಲಿ ಉದ್ದುದ್ದ ಪಟ್ಟಿ ಎಳೆದು, ಸೋಯಾ, ವಿನೆಗರ್, ಪ್ಯಾಪ್ರಿಕಾ, ನೋರಿ ಚೂರು, ಎಣ್ಣೆಯಲ್ಲಿ ರಾತ್ರಿ ನೆನೆಸಿಡಿ. ಮೀನೇ ಅಂತ ಯಾರೂ ಮೋಸ ಹೋಗುವುದಿಲ್ಲ, ಆದರೆ ಈ ತಿಂಡಿಗೆ ಚೆನ್ನಾಗಿ ಹೊಂದುತ್ತದೆ.

ಪಕ್ಕಕ್ಕೆ ಹುಳಿ

ಎರಡು ಸೌತೆಕಾಯಿಯನ್ನು ಚಾಕುವಿನ ಅಗಲದಲ್ಲಿ ಜಜ್ಜಿ ತುಂಡು ಮಾಡಿ, ಉಪ್ಪು ಹಾಕಿ ಹದಿನೈದು ನಿಮಿಷ ಬಿಟ್ಟು ನೀರು ಬಸಿಯಿರಿ. ಜಜ್ಜುವುದು ಚೀನೀ ಪದ್ಧತಿ, ಬಿರುಕುಗಳಲ್ಲಿ ರಸ ನಿಲ್ಲುತ್ತದೆ. ಡೆಲಿಯ ಉಪ್ಪಿನಕಾಯಿಯ ಪರಿಮಳಕ್ಕೆ ಬೆಳ್ಳುಳ್ಳಿ ಮತ್ತು ಸಬ್ಬಸಿಗೆ ಸೊಪ್ಪು. ವಿನೆಗರ್, ಚಿಟಿಕೆ ಸಕ್ಕರೆ, ಹುರಿದ ಎಳ್ಳಿನ ಎಣ್ಣೆ, ಒಣಮೆಣಸಿನ ಚೂರು ಬೆರೆಸಿದರೆ ಮುಗಿಯಿತು.

ಯಹೂದಿ ಅತಿಥಿಗಳಿದ್ದರೆ

ನ್ಯೂಜೆರ್ಸಿ ಕಡೆ ಆಫೀಸಿನವರನ್ನು ಊಟಕ್ಕೆ ಕರೆಯುವಾಗ ಇದು ತಲೆಯಲ್ಲಿರಲಿ. ಪಾಸ್ಟ್ರಾಮಿ ಇರುವ ತಟ್ಟೆಗೆ ಚೀಸ್, ಹುಳಿ ಕ್ರೀಮ್ ಬರಬಾರದು. ಮೀನು ಮತ್ತು ಮಾಂಸವನ್ನೂ ಒಟ್ಟಿಗೆ ಬಡಿಸದ ರೂಢಿ ಹಲವರಲ್ಲಿದೆ. ಆಯ್ಸ್ಟರ್ ಸಾಸ್ ಕೋಷರ್ ಅಲ್ಲ. ಕೋಷರ್ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಸಾಮಾನು ಸರಿ ಇದ್ದರೂ ನಮ್ಮ ಪಾತ್ರೆಯಲ್ಲಿ ಮಾಡಿದ್ದನ್ನು ತಿನ್ನಲಿಕ್ಕಿಲ್ಲ. ಅದಕ್ಕೆ ಬೇಸರ ಮಾಡಿಕೊಳ್ಳುವಂಥದ್ದೇನಿಲ್ಲ, ನಮ್ಮ ಮಡಿ ಅಜ್ಜಿಯರನ್ನು ಕಂಡವರಿಗೆ ಇದು ಹೊಸದೂ ಅಲ್ಲ. ಮೊದಲೇ ಕೇಳಿ. ಬೇಕಾದರೆ ಕೋಷರ್ ಮುದ್ರೆ ಇರುವ ಪ್ಯಾಕೆಟ್ ತಿನಿಸನ್ನು ಸೀಲ್ ಒಡೆಯದೆ ಇಡಿ. ಯಹೂದಿಗಳ ಪಾಸೋವರ್ ಹಬ್ಬದ ವಾರವಾದರೆ ಎಗ್ ರೋಲ್ ಯೋಚನೆಯನ್ನೇ ಬಿಡಿ, ಆಗ ಮೈದಾ ಹಾಳೆ ನಿಷಿದ್ಧ.

ಯಾವುದು ಯಾವಾಗ

ಹಿಂದಿನ ದಿನ ಹೂರಣ, ಅನ್ನದ ತಟ್ಟೆ, ಕ್ಯಾರೆಟ್ ಮಾಡಿಡಿ. ಬೆಳಗ್ಗೆ ರೋಲ್ ಸುತ್ತಿ. ಲಾಟ್ಕೆಗೆ ಮಾತ್ರ ತುರಿಯುವುದು ಕೊನೆಯ ಗಂಟೆಯಲ್ಲಿ. ಕರಿದದ್ದನ್ನು 100 ಡಿಗ್ರಿ ಓವನ್‌ನಲ್ಲಿ ಜಾಲರಿಯ ಮೇಲೆ ಅರ್ಧ ಗಂಟೆ ಬಿಸಿಯಾಗಿಡಬಹುದು. ಸುತ್ತಿದ ರೋಲ್ ಜಾಸ್ತಿಯಾದರೆ ಕರಿಯದೆ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟು ಫ್ರೀಜ್ ಮಾಡಿ, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಬೇಕೆಂದಾಗ ಕರಗಿಸದೆ ನೇರವಾಗಿ ಎಣ್ಣೆಗೆ ಬಿಡಿ. ಉರಿ ಸ್ವಲ್ಪ ಸಣ್ಣಗಿರಲಿ, ಎರಡು ನಿಮಿಷ ಹೆಚ್ಚು ಬೇಯಲಿ.